ಫ್ರೆಂಚ್ ಶಿಕ್ಷಕಿಯಾಗಲು ಹಿಡಿದ ನಾಲ್ಕು ವರ್ಷ

ಕಳೆದ ಜೂನ್ ಮೊದಲ ವಾರ ಬೆಂಗಳೂರಿನ ಒಂದು ಸಿಬಿಎಸ್‌ಇ ಶಾಲೆಯ ಹಾಜರಿ ಪುಸ್ತಕದಲ್ಲಿ, ನನ್ನ ಹೆಸರಿನ ಪಕ್ಕ ‘ಫ್ರೆಂಚ್’ ಎಂದು ಬರೆದಿದ್ದ ಸಾಲಿನಲ್ಲಿ ಸಹಿ ಹಾಕಿದೆ. ಆ ಒಂದು ಸಹಿಗೆ ನಾಲ್ಕು ವರ್ಷ ಹಿಡಿಯಿತು. ಅದರಲ್ಲಿ ಒಂದೂವರೆ ವರ್ಷವಾದರೂ ಕಲಿಯುವುದರಲ್ಲಿ ಕಳೆದದ್ದಲ್ಲ. ಯಾವ ಕಾಗದವನ್ನು ಯಾವಾಗ ಮಾಡಿಸಬೇಕು ಎಂದು ಹೇಳುವವರಿಲ್ಲದೆ ಅಲೆದದ್ದು. ಪ್ರೌಢಶಾಲೆಯಲ್ಲಿ ಫ್ರೆಂಚ್ ಕಲಿಸಬೇಕೆಂದು ಹೊರಟಿರುವವರು ನನ್ನಷ್ಟು ಅಲೆಯದಿರಲಿ ಎಂದು ಆದದ್ದನ್ನು ಆದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ.

ಪಿಯುಸಿಯಲ್ಲಿ ನಾನು ಫ್ರೆಂಚ್ ತೆಗೆದುಕೊಂಡದ್ದು ಪ್ಯಾರಿಸ್ಸಿನ ಮೋಹದಿಂದಲ್ಲ, ಅಂಕದ ಆಸೆಯಿಂದ. ಬೆಂಗಳೂರಿನಲ್ಲಿ ಓದಿದವರಿಗೆ ಈ ಗುಟ್ಟು ಗೊತ್ತೇ ಇರುತ್ತದೆ. ಪದವಿಯಲ್ಲೂ ಅದನ್ನೇ ಮುಂದುವರಿಸಿದೆ; ಇಷ್ಟವಾಗತೊಡಗಿದ್ದು ಆಮೇಲೆ. ಪದವಿ ಮುಗಿದ ನಂತರ ಒಂದು ಕಂಪನಿಯಲ್ಲಿ ಫ್ರೆಂಚ್ ಗ್ರಾಹಕರ ಇನ್‌ವಾಯ್ಸ್‌ಗಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಎಂಟು ವರ್ಷ ದಿನವೂ ಫ್ರೆಂಚಿನಲ್ಲಿ ಇಮೇಲ್ ಬರೆದೆ. 2021ರಲ್ಲಿ, ಮನೆಯಿಂದಲೇ ಕೆಲಸ ಮಾಡುತ್ತಿದ್ದ ದಿನಗಳಲ್ಲಿ, ಪಕ್ಕದ ಮನೆಯ ಒಂಬತ್ತನೇ ತರಗತಿಯ ಹುಡುಗಿಗೆ ಪಾಠ ಹೇಳಿಕೊಡುತ್ತಾ ಇದೇ ನನ್ನ ಕೆಲಸವಾಗಬೇಕು ಎನ್ನಿಸಿತು. ಮನೆಯಲ್ಲಿ ಹೇಳಿದಾಗ ಅತ್ತೆಯವರು ಕೇಳಿದ್ದು ಒಂದೇ ಪ್ರಶ್ನೆ: “ಇಷ್ಟು ಸಂಬಳ ಬಿಟ್ಟು ಟೀಚರ್ ಆಗ್ತೀಯೇನಮ್ಮ?” ಅದಕ್ಕೆ ಸರಿಯಾದ ಉತ್ತರ ಇವತ್ತಿಗೂ ನನ್ನಲ್ಲಿಲ್ಲ, ತಿಂಗಳಿಗೆ 62,000 ಬರುತ್ತಿದ್ದಲ್ಲಿ ಈಗ 38,000 ಬರುತ್ತಿದೆ.

ಭಾಷೆ ಗೊತ್ತಿದೆಯಲ್ಲ ಎಂಬ ಧೈರ್ಯದಿಂದ ನೇರವಾಗಿ ಎರಡು ಶಾಲೆಗಳಿಗೆ ಅರ್ಜಿ ಹಾಕಿದೆ. ಮೊದಲನೆಯ ಶಾಲೆಯ ಪ್ರಾಂಶುಪಾಲರು ಹತ್ತು ನಿಮಿಷ ಮಾತನಾಡಿಸಿ, “ನಿಮ್ಮ ಫ್ರೆಂಚ್ ಚೆನ್ನಾಗಿದೆಯಮ್ಮ, ಬಿ.ಎಡ್. ಎಲ್ಲಿ?” ಎಂದರು. ಎರಡನೆಯ ಶಾಲೆಯವರು ಬಿ.ಎಡ್. ಆಮೇಲೆ ಮಾಡಬಹುದು, ಮೊದಲು ಡೆಲ್ಫ್ ಎಂಬ ಫ್ರೆಂಚ್ ಭಾಷಾ ಪರೀಕ್ಷೆಯ ಬಿ2 ಮಟ್ಟದ ಡಿಪ್ಲೊಮಾ ತೋರಿಸಿ ಎಂದರು. ಅಲ್ಲಿ ನನ್ನಿಂದ ಮಾಡಿಸಿದ ಮಾದರಿ ಪಾಠ ನೋಡಲು ಕುಳಿತಿದ್ದ ಹಿರಿಯ ಶಿಕ್ಷಕಿಯೊಬ್ಬರು ನಾನು ಹೊರಡುವಾಗ ಜೊತೆಗೆ ಗೇಟಿನವರೆಗೆ ಬಂದು, ಅತ್ಯಂತ ಮೃದುವಾಗಿ, “ನೀವು ಪಾಠ ಮಾಡಲಿಲ್ಲ, ಫ್ರೆಂಚ್ ಬಗ್ಗೆ ಇಂಗ್ಲಿಷಿನಲ್ಲಿ ಭಾಷಣ ಮಾಡಿದಿರಿ” ಎಂದರು. ನನಗೆ ಬೇಕಾಗಿದ್ದ ಮೂರು ಸಂಗತಿಗಳೂ ಆ ಒಂದೇ ವಾರದಲ್ಲಿ ಸಿಕ್ಕಿದ್ದವು: ಭಾಷೆಯ ಮಟ್ಟಕ್ಕೆ ಒಂದು ಪುರಾವೆ, ಶಾಲೆಯಲ್ಲಿ ಕಲಿಸುವ ಅರ್ಹತೆಗೆ ಇನ್ನೊಂದು, ಪರಭಾಷೆಯಾಗಿ ಫ್ರೆಂಚನ್ನು ಕಲಿಸುವ ವಿದ್ಯೆ ಬೇರೆಯೇ ಮತ್ತೊಂದು. ಈ ಮೂರನ್ನೂ ಕೊಡುವವರು ಬೇರೆ ಬೇರೆ, ಒಬ್ಬರಿಗೆ ಇನ್ನೊಬ್ಬರ ಪರಿವೆಯೇ ಇರುವುದಿಲ್ಲ. ಆಗ ನನಗೆ ಅಷ್ಟು ಅರ್ಥವಾಗಿದ್ದರೆ ಈ ಬರಹ ಅರ್ಧದಷ್ಟೇ ಇರುತ್ತಿತ್ತು.

ಮೊದಲು ಕೈಹಾಕಿದ್ದು ಡೆಲ್ಫ್‌ಗೆ. ಯುರೋಪ್ ಪರಿಷತ್ತು 2001ರಲ್ಲಿ ಪ್ರಕಟಿಸಿದ ಚೌಕಟ್ಟಿನ ಪ್ರಕಾರ ಭಾಷಾ ಜ್ಞಾನವನ್ನು ಎ1ರಿಂದ ಸಿ2ವರೆಗೆ ಆರು ಮಟ್ಟಗಳಾಗಿ ಅಳೆಯುತ್ತಾರೆ. ಮೊದಲ ನಾಲ್ಕಕ್ಕೆ ಡೆಲ್ಫ್, ಕೊನೆಯ ಎರಡಕ್ಕೆ ಡಾಲ್ಫ್. ಡಿಪ್ಲೊಮಾ ಫ್ರಾನ್ಸಿನ ಶಿಕ್ಷಣ ಸಚಿವಾಲಯದ್ದು; ಅದರ ನಿರ್ವಹಣೆ ಪ್ಯಾರಿಸ್ ಬಳಿಯ ಸೆವ್ರ್‌ನಲ್ಲಿರುವ ಫ್ರಾನ್ಸ್ ಎಜುಕಾಸಿಯೋಂ ಇಂಟರ್‌ನ್ಯಾಶನಲ್ ಸಂಸ್ಥೆಯದ್ದು. ನಮ್ಮೂರಿನಲ್ಲಿ ಪರೀಕ್ಷೆ ನಡೆಯುವುದು ವಸಂತನಗರದ ತಿಮ್ಮಯ್ಯ ರಸ್ತೆಯಲ್ಲಿರುವ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ. ವರ್ಷದಲ್ಲಿ ಕೆಲವೇ ಸಲ ನಡೆಯುವ ಪರೀಕ್ಷೆಯಿದು, ನೋಂದಣಿಯೂ ಬಹಳ ಮೊದಲೇ ಮುಗಿದುಹೋಗುತ್ತದೆ. ಒಂದು ಸಲ ತಪ್ಪಿಸಿಕೊಂಡರೆ ತಿಂಗಳುಗಟ್ಟಲೆ ಕಾಯಬೇಕು.

ಅರ್ಜಿ ತುಂಬುವಾಗ ನನ್ನನ್ನು ತಡೆದದ್ದು ಫ್ರೆಂಚ್ ಅಲ್ಲ, ನನ್ನ ಹೆಸರು. ‘ನೋಂ’ ಎಂಬ ಮನೆ ಹೆಸರಿನ ಕಾಲಂ ಒಂದು, ‘ಪ್ರೆನೋಂ’ ಎಂಬ ಕೊಟ್ಟ ಹೆಸರಿನ ಕಾಲಂ ಇನ್ನೊಂದು. ನಮ್ಮ ಮನೆಯಲ್ಲಿ ಯಾರಿಗೂ ಮನೆ ಹೆಸರು ಎಂಬುದೇ ಇಲ್ಲ. ಊರಿನ ಹೆಸರು ಮತ್ತು ಅಪ್ಪನ ಹೆಸರಿನ ಮೊದಲ ಅಕ್ಷರಗಳು ಇನಿಷಿಯಲ್ ಆಗಿ ಅಂಟಿಕೊಂಡಿವೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಆ ಎರಡು ಅಕ್ಷರ ಹೆಸರಿನ ಹಿಂದಿದ್ದರೆ, ಪದವಿಯ ಅಂಕಪಟ್ಟಿಯಲ್ಲಿ ಮುಂದಿವೆ. ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರಿದೆ. ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರು ಮನೆ ಹೆಸರಾಗಿ ಕುಳಿತಿದೆ. ನಾನು ಯೋಚಿಸದೆ ‘ನೋಂ’ ಕಾಲಂನಲ್ಲಿ ಆ ಎರಡು ಇನಿಷಿಯಲ್‌ಗಳನ್ನೇ ಬರೆದೆ. ಅರ್ಜಿಯಲ್ಲಿ ಬರೆದದ್ದೇ ಡಿಪ್ಲೊಮಾದಲ್ಲಿ ಅಚ್ಚಾಗುತ್ತದೆ, ಆಮೇಲೆ ತಿದ್ದಿಸುವುದು ಸುಲಭವಲ್ಲ. ಪಾಸ್‌ಪೋರ್ಟ್ ಇದ್ದವರು ಅದರಲ್ಲಿ ಇರುವಂತೆಯೇ ಅಕ್ಷರಕ್ಕೆ ಅಕ್ಷರ ಬರೆಯಿರಿ. ಹುಟ್ಟಿದ ಊರಿನ ಕಾಲಂ ಕೂಡ ಇದೆ. ಮೊದಲ ಹೆರಿಗೆ ತವರಿನಲ್ಲಾಗುವ ನಮ್ಮ ಪದ್ಧತಿಯಿಂದಾಗಿ, ಒಂದು ತಿಂಗಳೂ ನೆಟ್ಟಗೆ ಇದ್ದಿರದ ಅರಸೀಕೆರೆ ನನ್ನ ಕಾಗದಗಳಲ್ಲಿ ಶಾಶ್ವತವಾಗಿ ಉಳಿದಿದೆ. ಅಲ್ಲಿ ‘ಬೆಂಗಳೂರು’ ಎಂದು ಬರೆದಿದ್ದೆ. ಪಾಸ್‌ಪೋರ್ಟ್ ನೋಡಿದ ಕೌಂಟರಿನವರೇ ಅದನ್ನು ಗಮನಿಸಿ ತಿದ್ದಿಸಿದರು.

ಬಿ2 ಪರೀಕ್ಷೆಯಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತನಾಡುವುದು ಎಂದು ನಾಲ್ಕು ಭಾಗಗಳಿದ್ದು, ಒಂದೊಂದಕ್ಕೆ 25ರಂತೆ ಒಟ್ಟು 100 ಅಂಕ. ತೇರ್ಗಡೆಗೆ 50 ಬೇಕು. ಆದರೆ ಯಾವ ಭಾಗದಲ್ಲೂ 5ಕ್ಕಿಂತ ಕಡಿಮೆ ಬರಬಾರದು. ಈ ಎರಡನೆಯ ನಿಯಮವನ್ನು ನಾನು ಓದಿದ್ದೆ, ಆದರೆ ಅದು ನನಗೆ ಅನ್ವಯಿಸಬಹುದೆಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ. 2022ರ ಮಾರ್ಚ್‌ನಲ್ಲಿ ಪರೀಕ್ಷೆ ಬರೆದೆ. ಓದಿನಲ್ಲಿ 21, ಬರವಣಿಗೆಯಲ್ಲಿ 20, ಮಾತಿನಲ್ಲಿ 16, ಕೇಳುವುದರಲ್ಲಿ 4.5. ಒಟ್ಟು 61.5 ಬಂದು ನಪಾಸಾದೆ. ಎಂಟು ವರ್ಷ ಇಮೇಲ್‌ನಲ್ಲೇ ಬದುಕಿದವಳಿಗೆ ಫ್ರೆಂಚರ ವೇಗದ ಮಾತು ಕೇಳಿ ಅಭ್ಯಾಸವೇ ಇರಲಿಲ್ಲ. ಧ್ವನಿಮುದ್ರಿಕೆಯನ್ನು ಅವರು ಹಾಕುವುದು ಒಂದೆರಡು ಸಲ ಮಾತ್ರ. ಮೊದಲ ವಾಕ್ಯ ಜಾರಿಹೋದ ಗಾಬರಿಯಲ್ಲಿ ಉಳಿದದ್ದೆಲ್ಲ ಜಾರಿತು. ಪಾಸಾದ ಮೂರು ಭಾಗಗಳನ್ನು ಉಳಿಸಿಕೊಂಡು ಒಂದನ್ನೇ ಮತ್ತೆ ಬರೆಯಲು ಅವಕಾಶವಿಲ್ಲ, ನಾಲ್ಕನ್ನೂ ಮೊದಲಿನಿಂದ ಬರೆಯಬೇಕು, ಶುಲ್ಕವನ್ನೂ ಪೂರ್ತಿ ಕಟ್ಟಬೇಕು. ಫಲಿತಾಂಶ ನೋಡಿದ ದಿನ ವಿಜಯನಗರದ ಮನೆಗೆ ಮೆಟ್ರೊದಲ್ಲಿ ಹಿಂದಿರುಗುವಾಗ ಇಳಿಯಬೇಕಾದ ನಿಲ್ದಾಣ ದಾಟಿ ಅತ್ತಿಗುಪ್ಪೆಗೆ ಹೋಗಿಬಿಟ್ಟಿದ್ದೆ.

ಮುಂದಿನ ಏಳೆಂಟು ತಿಂಗಳು ಬೆಳಿಗ್ಗೆ ಸೊಪ್ಪು ಬಿಡಿಸುವಾಗ, ದೋಸೆ ಹುಯ್ಯುವಾಗ ಆರ್‌ಎಫ್‌ಐ ಬಾನುಲಿಯವರು ಕಲಿಯುವವರಿಗೆಂದೇ ಪ್ರಸಾರ ಮಾಡುವ ಹತ್ತು ನಿಮಿಷದ ಸರಳ ಫ್ರೆಂಚ್ ವಾರ್ತೆ ಕೇಳಿದೆ. ಅದಾದ ಮೇಲೆ ಅವರ ಮಾಮೂಲಿ ವಾರ್ತೆ. ಟಿವಿ5 ಮೊಂದ್‌ನವರು ಮಟ್ಟಕ್ಕೆ ತಕ್ಕಂತೆ ಉಚಿತವಾಗಿ ಕೊಡುವ ಅಭ್ಯಾಸಗಳನ್ನು ರಾತ್ರಿ ಮಾಡುತ್ತಿದ್ದೆ. ವರ್ಷದ ಕೊನೆಗೆ ಮತ್ತೆ ಬರೆದಾಗ ಕೇಳುವುದರಲ್ಲಿ 15 ಬಂತು. ಎರಡು ಸಲದ ಶುಲ್ಕ, ನಡುವೆ ಸೇರಿದ್ದ ತಯಾರಿ ತರಗತಿ ಎಲ್ಲ ಸೇರಿ ಸುಮಾರು 40,000 ರೂಪಾಯಿ ಖರ್ಚಾಗಿತ್ತು. ಪಾಸಾದ ಕೂಡಲೇ ಸಿಗುವುದು ತೇರ್ಗಡೆಯ ದೃಢೀಕರಣ ಪತ್ರವಷ್ಟೇ, ಮೂಲ ಡಿಪ್ಲೊಮಾ ನನ್ನ ಕೈಗೆ ಬಂದದ್ದು ಐದು ತಿಂಗಳ ಮೇಲೆ. ಡಿಪ್ಲೊಮಾಕ್ಕೆ ಅವಧಿ ಇಲ್ಲ, ಜೀವನಪರ್ಯಂತ ನಡೆಯುತ್ತದೆ. ಲ್ಯಾಮಿನೇಶನ್ ಮಾತ್ರ ಮಾಡಿಸಬೇಡಿ.

ಬಿ.ಎಡ್. ಕಥೆ ಬೇರೆ. 2015-16ರಿಂದ ಅದು ಎರಡು ವರ್ಷದ ಕೋರ್ಸ್. ಪದವಿಯಲ್ಲಿ 50 ಪ್ರತಿಶತ ಅಂಕ ಬೇಕು. ಶಿಕ್ಷಕರ ತರಬೇತಿಗೆ ನಿಯಮ ರೂಪಿಸುವ ರಾಷ್ಟ್ರೀಯ ಪರಿಷತ್ತಿನ (ಎನ್‌ಸಿಟಿಇ) ನಿಯಮದಂತೆ ತರಗತಿಗಳಿಗೆ 80 ಪ್ರತಿಶತ, ಶಾಲಾ ಇಂಟರ್ನ್‌ಶಿಪ್‌ಗೆ 90 ಪ್ರತಿಶತ ಹಾಜರಿ ಇರಲೇಬೇಕು. ಕೆಲಸ ಬಿಡದೆ ಮಾಡಿಕೊಳ್ಳಬಹುದು ಎಂದು ಹೇಳುವವರು ಸಿಗುತ್ತಾರೆ. ಅಂಥ ಸಲಹೆಯನ್ನು ನಾನು ಒಪ್ಪಲಿಲ್ಲ, ರಾಜೀನಾಮೆ ಕೊಟ್ಟೆ. ಪ್ರವೇಶಕ್ಕೆ ಕೇಳಿದ ದಾಖಲೆಗಳಲ್ಲಿ ಎಲ್ಲವೂ ಇದ್ದವು, ಒಂದರ ಹೊರತು. ಹತ್ತು ವರ್ಷದ ಹಿಂದೆ ಪದವಿ ಕಾಲೇಜಿನಿಂದ ತಂದಿದ್ದ ಟಿ.ಸಿ. ಮನೆ ಬದಲಿಸುವಾಗ ಎಲ್ಲೋ ಹೋಗಿತ್ತು. ಕಾಲೇಜಿನ ಗುಮಾಸ್ತರು ದಪ್ಪ ರಿಜಿಸ್ಟರ್ ತೆಗೆದು ನನ್ನದೇ ಸಹಿ ತೋರಿಸಿ, “ಮೇಡಂ, ನೀವು ತಗೊಂಡಿದ್ದೀರಿ. ಟಿ.ಸಿ. ಒಂದೇ ಸಲ ಕೊಡೋದು” ಎಂದರು. ಎರಡನೇ ಪ್ರತಿ ಬೇಕಾದರೆ ಕಳೆದುಹೋದದ್ದಕ್ಕೆ ಪೊಲೀಸರ ಸ್ವೀಕೃತಿ, ನೋಟರಿ ಮುಂದೆ ಪ್ರಮಾಣಪತ್ರ, ಪ್ರಾಂಶುಪಾಲರಿಗೆ ಮನವಿ. ಬೆಂಗಳೂರು ನಗರ ಪೊಲೀಸರ ಇ-ಲಾಸ್ಟ್ ವ್ಯವಸ್ಥೆಯಲ್ಲಿ ದೂರು ದಾಖಲಿಸಲು ಠಾಣೆಗೆ ಹೋಗಬೇಕಾಗಿಲ್ಲ. ಮೊಬೈಲಿನಲ್ಲೇ ಹದಿನೈದು ನಿಮಿಷದ ಕೆಲಸ. ಕಾಲೇಜಿನ ಕೆಲಸಕ್ಕೆ ಮಾತ್ರ ಹದಿನೇಳು ದಿನ ಹಿಡಿಯಿತು. ಪ್ರಾಂಶುಪಾಲರು ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡದ ಭೇಟಿಯ ಗಡಿಬಿಡಿಯಲ್ಲಿದ್ದರು. ನಾಲ್ಕು ಸಲದ ಆಟೊ, ಛಾಪಾ ಕಾಗದ, ನೋಟರಿ, ಝೆರಾಕ್ಸ್ ಎಲ್ಲ ಸೇರಿ 1,900 ರೂಪಾಯಿ. ಪದವಿ ಮುಗಿದು ಕೆಲವು ವರ್ಷಗಳಾಗಿರುವವರು ಇವತ್ತೇ ಮನೆಯ ಕಪಾಟು ತೆರೆದು ಟಿ.ಸಿ. ಇದೆಯೇ ನೋಡಿಕೊಳ್ಳಿ.

ಕಾಲೇಜಿಗೆ ಸೇರಿದ ಮೇಲೆ ತಿಳಿದದ್ದು, ಅಲ್ಲಿ ಫ್ರೆಂಚ್ ಮೆಥಡ್, ಅಂದರೆ ಫ್ರೆಂಚ್ ಕಲಿಸುವುದನ್ನು ಹೇಳಿಕೊಡುವ ವಿಷಯ, ಎಂಬುದೇ ಇಲ್ಲ ಎಂದು. ಬಿ.ಎಡ್.ನಲ್ಲಿ ಪದವಿಯಲ್ಲಿ ಓದಿದ ವಿಷಯಗಳ ಆಧಾರದ ಮೇಲೆ ಎರಡು ಬೋಧನಾ ವಿಷಯಗಳನ್ನು ಆರಿಸಿಕೊಳ್ಳಬೇಕು. ಇಂಗ್ಲಿಷ್ ಮತ್ತು ಸಮಾಜ ವಿಜ್ಞಾನ ತೆಗೆದುಕೊಂಡೆ. ಆಗ ಇದು ಅನ್ಯಾಯ ಎನ್ನಿಸಿತ್ತು. ಫ್ರೆಂಚ್ ಕಲಿಸಲು ಹೊರಟವಳು ವಿಜಯನಗರ ಸಾಮ್ರಾಜ್ಯದ ಮೇಲೆ ಚಾರ್ಟ್ ಬರೆಯುತ್ತಾ ಕುಳಿತಿದ್ದೆ. ಆದರೆ ಈ ಇಂಗ್ಲಿಷ್ ಮೆಥಡ್ ಆಮೇಲೆ ಕೈಹಿಡಿಯಿತು, ಅದನ್ನು ಮುಂದೆ ಹೇಳುತ್ತೇನೆ. ಮೊದಲ ವರ್ಷದ ನಾಲ್ಕು ವಾರ, ಎರಡನೆಯ ವರ್ಷದ ಹದಿನಾರು ವಾರ ಸೇರಿ ಇಪ್ಪತ್ತು ವಾರದ ಇಂಟರ್ನ್‌ಶಿಪ್ ಇದೆ. ನನ್ನದರ ಬಹುಪಾಲು ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಮಾಧ್ಯಮದ ಎಂಟನೇ ತರಗತಿಗೆ ಇಂಗ್ಲಿಷ್ ಕಲಿಸುವುದರಲ್ಲಿ ಕಳೆಯಿತು. ಹೊಸ ಭಾಷೆಯ ಎದುರು ಮಗು ಹೇಗೆ ಬಾಯಿ ಕಟ್ಟಿಕೊಳ್ಳುತ್ತದೆ ಎಂಬುದನ್ನು ನಾನು ಕಂಡದ್ದು ಅಲ್ಲಿಯೇ. ರೆಕಾರ್ಡ್ ಬರೆಯುವ ಕಾಟ, ಪರೀಕ್ಷೆ ಮುಂದೂಡಿಕೆ, ಫಲಿತಾಂಶದ ವಿಳಂಬ ಇವೆಲ್ಲ ಬಿ.ಎಡ್. ಮಾಡಿದ ಎಲ್ಲರಿಗೂ ಇದ್ದದ್ದೇ, ಅದನ್ನು ಬೆಳೆಸುವುದಿಲ್ಲ. ಆಡಳಿತ ಮಂಡಳಿ ಸೀಟು ಆಗಿದ್ದರಿಂದ ಎರಡು ವರ್ಷಕ್ಕೆ ಒಂದೂಕಾಲು ಲಕ್ಷ ಹೋಯಿತು.

ನಿಜವಾದ ತರಬೇತಿ ಸಿಕ್ಕಿದ್ದು 2024ರ ಜುಲೈನಿಂದ ಡಿಸೆಂಬರ್‌ವರೆಗೆ, ಶನಿವಾರ ಭಾನುವಾರಗಳಲ್ಲಿ. ಪರಭಾಷೆಯಾಗಿ ಫ್ರೆಂಚ್ ಕಲಿಸುವವರಿಗಾಗಿಯೇ ಇರುವ ಕೋರ್ಸ್ ಅದು. ನಾವು ಹನ್ನೊಂದು ಜನ. ಇಬ್ಬರು ಪುದುಚೇರಿಯವರು, ಒಬ್ಬರು ಹುಬ್ಬಳ್ಳಿಯವರು, ಉಳಿದವರು ಇಲ್ಲಿಯವರೇ. ನಮಗೆ ತರಬೇತಿ ಕೊಟ್ಟವರು ಮೂವತ್ತು ವರ್ಷ ಶಾಲೆಗಳಲ್ಲಿ ಪಾಠ ಮಾಡಿದ್ದ ಹಿರಿಯರು. ಎಲ್ಲರೂ ಅವರನ್ನು ‘ಮದಾಮ್’ ಎನ್ನುತ್ತಿದ್ದೆವು, ಅವರು ನಮ್ಮನ್ನು ಅಚ್ಚ ಬೆಂಗಳೂರು ರೀತಿಯಲ್ಲಿ ‘ಏನಮ್ಮ’, ‘ಏನಪ್ಪ’ ಎನ್ನುತ್ತಿದ್ದರು.

ಎರಡನೆಯ ವಾರವೇ ನನ್ನ ಮೈಕ್ರೋ ಟೀಚಿಂಗ್, ಅಂದರೆ ಸಹಪಾಠಿಗಳ ಮುಂದೆ ಮಾಡುವ ಕಿರು ಅಭ್ಯಾಸ ಪಾಠ. ಇಪ್ಪತ್ತು ನಿಮಿಷದಲ್ಲಿ ‘ದ್ಯು, ದ ಲಾ, ದೆ’ ಎಂಬ, ಇಷ್ಟೇ ಎಂದು ಹೇಳದ ಪ್ರಮಾಣವನ್ನು ಸೂಚಿಸುವ ಆರ್ಟಿಕಲ್‌ಗಳನ್ನು ಕಲಿಸಬೇಕಿತ್ತು. ಬೋರ್ಡಿನ ಮೇಲೆ ಮೂರು ಬಣ್ಣದಲ್ಲಿ ಕೋಷ್ಟಕ ಬರೆದೆ, ನಿಯಮ ವಿವರಿಸಿದೆ, ಅಪವಾದ ವಿವರಿಸಿದೆ, ಉದಾಹರಣೆ ಕೊಟ್ಟೆ, ಹಣೆ ಒರೆಸಿಕೊಂಡು ಕುಳಿತೆ. ಮದಾಮ್ ಕೈಯಲ್ಲಿದ್ದ ಮೊಬೈಲ್ ತಿರುಗಿಸಿ ನನಗೆ ತೋರಿಸಿದರು. ಅದರಲ್ಲಿ ಸ್ಟಾಪ್‌ವಾಚ್ ಓಡಿಸಿದ್ದರು. ಇಪ್ಪತ್ತು ನಿಮಿಷದಲ್ಲಿ ನಾನು ಮಾತನಾಡಿದ್ದು ಹದಿನಾರು ನಿಮಿಷ ನಲವತ್ತು ಸೆಕೆಂಡು. “ಗಾಂಧಿ ಬಜಾರಿಗೆ ಹೋಗಿ ನೀನೇ ಎಲ್ಲ ಕೊಂಡುಕೊಂಡು ಬಂದುಬಿಟ್ಟೆಯಲ್ಲಮ್ಮ. ಚೀಲ ಹಿಡಿದುಕೊಂಡು ನಿಂತಿದ್ದ ಮಕ್ಕಳಿಗೆ ಏನು ಕೊಟ್ಟೆ?” ಎಂದರು.

ಮುಂದಿನ ವಾರ ಅದೇ ಪಾಠವನ್ನು ಮತ್ತೆ ಮಾಡಿದೆ. ಈ ಸಲ ಒಬ್ಬ ಅಡುಗೆಯವರ ಸಾಮಾನಿನ ಚೀಟಿ ಮಾತ್ರ ಕೊಟ್ಟೆ; ಅದರಲ್ಲಿ ಅಕ್ಕಿ, ಎಣ್ಣೆ, ತರಕಾರಿ ಎಲ್ಲವೂ ಫ್ರೆಂಚಿನಲ್ಲಿ. ಮೊದಲು ಇದು ಏನು, ಯಾರು ಬರೆದದ್ದು ಎಂಬ ಸ್ಥೂಲ ಪ್ರಶ್ನೆ. ಆಮೇಲೆ ವಿವರ. ಆಮೇಲೆ ಚಿಕ್ಕ ಪದಗಳನ್ನು ಅವರೇ ಗುರುತಿಸಿ ಗುಂಪು ಮಾಡುವುದು, ನಿಯಮವನ್ನು ಅವರ ಬಾಯಿಂದಲೇ ಬರಿಸುವುದು, ಕೊನೆಗೆ ಅವರೇ ಒಂದು ಚೀಟಿ ಬರೆಯುವುದು. ಪಾಠ ಯೋಜನೆಯಲ್ಲಿ ಈ ಹಂತಗಳನ್ನು ಬರೆಯುವುದಕ್ಕಿಂತ ಕಷ್ಟವಾದದ್ದು ಸೂಚನೆಯನ್ನು ಎರಡು ವಾಕ್ಯದಲ್ಲಿ, ಫ್ರೆಂಚಿನಲ್ಲೇ, ಕೈಸನ್ನೆಯೊಂದಿಗೆ ಕೊಡುವುದು. ಕೋರ್ಸಿನ ಆರು ತಿಂಗಳೂ ನಾನು ಹೆಣಗಾಡಿದ್ದು ಅದರೊಂದಿಗೆ. ಕೋರ್ಸ್ ಸೇರುವವರು ಮನೆಯಲ್ಲಿ ಕನ್ನಡಿ ಮುಂದೆ ಸೂಚನೆಗಳನ್ನು ಅಭ್ಯಾಸ ಮಾಡಿ ಹೋಗಿ, ನಾಚಿಕೆಪಡಬೇಡಿ.

ಧ್ವನಿಯ ತರಗತಿಗಳು ನನಗೆ ಅತ್ಯಂತ ಇಷ್ಟವಾದವು. ಫ್ರೆಂಚಿನಲ್ಲಿ ‘ಮೇಲೆ’ ಎನ್ನುವ ಪದಕ್ಕೂ ‘ಕೆಳಗೆ’ ಎನ್ನುವ ಪದಕ್ಕೂ ವ್ಯತ್ಯಾಸವಿರುವುದು ಕೊನೆಯ ಒಂದು ಸ್ವರದಲ್ಲಿ ಮಾತ್ರ. ‘ಕೆಳಗೆ’ಯ ಕೊನೆಗೆ ಬರುವುದು ನಮ್ಮ ‘ಉ’. ‘ಮೇಲೆ’ಯ ಕೊನೆಗೆ ಬರುವ ಸ್ವರ ಕನ್ನಡದಲ್ಲಿಲ್ಲ, ಅದನ್ನು ಬರೆಯಲು ಅಕ್ಷರವೂ ಇಲ್ಲ. ಈ ಬರಹದಲ್ಲಿ ನಾನು ‘ದ್ಯು’, ‘ತ್ಯು’ ಎಂದು ಬರೆದಿರುವುದೆಲ್ಲ ಸುಳ್ಳೇ. ಮಕ್ಕಳು ಪುಸ್ತಕದಲ್ಲಿ ಪೆನ್ಸಿಲ್‌ನಿಂದ ಹಾಗೆ ಬರೆದುಕೊಂಡರೆ ನಾನೀಗ ಅಳಿಸಲು ಹೇಳುತ್ತೇನೆ. ಅಭ್ಯಾಸ ಪಾಠಕ್ಕೆಂದು ಹೋದ ಶಾಲೆಯಲ್ಲಿ ಎಂಟನೇ ತರಗತಿಯ ಹುಡುಗನೊಬ್ಬ ಬೆಕ್ಕನ್ನು ಮೇಜಿನ ಮೇಲೆ ಕೂರಿಸಲಾರದೆ ಪ್ರತಿ ಸಲವೂ ಕೆಳಗೇ ಕೂರಿಸುತ್ತಿದ್ದ. ಎಲ್ಲರೂ ಹೇಳಿಕೊಡುವ ಉಪಾಯ ನನಗೂ ಗೊತ್ತಿತ್ತು: ‘ಇ’ ಎನ್ನುತ್ತಾ ತುಟಿಯನ್ನು ದುಂಡಗೆ ಮಾಡು. ಅವನು ಮಾಡಿದ, ತರಗತಿ ನಕ್ಕಿತು, ಅವನು ಬಾಯಿ ಮುಚ್ಚಿಕೊಂಡ.

ಹಿಂದೆ ಕುಳಿತಿದ್ದ ಮದಾಮ್ ಎದ್ದು ಬಂದು ಅವನ ತುಟಿಯ ವಿಷಯವನ್ನೇ ಎತ್ತಲಿಲ್ಲ. ‘ನಿನಗೆ ಗೊತ್ತಾಯಿತಾ?’ ಎಂಬರ್ಥದ ಒಂದು ಪುಟ್ಟ ಪ್ರಶ್ನೆಯನ್ನು ಅಚ್ಚರಿಯಿಂದ ಕೇಳುವಂತೆ, ದನಿಯನ್ನು ಕೊನೆಗೆ ಏರಿಸಿ ಹೇಳಿದರು: “ತ್ಯು ಲಾ ಸ್ಯು?” ಅವನೂ ಹಾಗೆಯೇ ಏರಿಸಿ ಹೇಳಿದ. ಮೂರನೆಯ ಸಲಕ್ಕೆ ಸ್ವರ ಸರಿಯಾಗಿ ಬಂತು, ಅವನಿಗೇ ಗೊತ್ತಾಗದಂತೆ. ಕ್ರೊಯೇಷಿಯಾದ ಝಾಗ್ರೆಬ್‌ನ ಭಾಷಾವಿಜ್ಞಾನಿ ಪೇತರ್ ಗುಬೆರಿನಾ 1950ರ ದಶಕದಲ್ಲಿ ರೂಪಿಸಿದ ವರ್ಬೊ-ಟೋನಲ್ ವಿಧಾನದ ತಿರುಳು ಇದೇ: ಕಲಿಯುವವನು ತಪ್ಪು ಉಚ್ಚರಿಸುವುದು ತಪ್ಪಾಗಿ ಕೇಳಿಸಿಕೊಳ್ಳುವುದರಿಂದ, ಆದ್ದರಿಂದ ಬಾಯಿಗಿಂತ ಮೊದಲು ಕಿವಿಯನ್ನು ತಿದ್ದಬೇಕು. ಆ ಸ್ವರ ನಮ್ಮ ‘ಉ’ಗಿಂತ ತೀಕ್ಷ್ಣವಾದದ್ದು, ಪಕ್ಕದಲ್ಲಿ ‘ಸ’ದಂಥ ತೀಕ್ಷ್ಣ ವ್ಯಂಜನವಿದ್ದು, ದನಿ ಏರುತ್ತಿದ್ದರೆ ಕಿವಿಗೆ ಅದು ಸ್ಪಷ್ಟವಾಗಿ ಬೀಳುತ್ತದೆ. ಕೇಳುವ ಪರೀಕ್ಷೆಯಲ್ಲಿ 4.5 ತೆಗೆದವಳಿಗೆ ಈ ಮಾತು ಎಷ್ಟು ನಾಟಿರಬೇಡ.

ಇನ್ನೊಂದು ಸಂಗತಿಯನ್ನು ಹೇಳಲೇಬೇಕು, ಏಕೆಂದರೆ ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಫ್ರೆಂಚನ್ನು ನಾನು ಕಲಿತದ್ದು ಇಂಗ್ಲಿಷಿನ ಮೂಲಕ, ಕಲಿಸುತ್ತಿದ್ದದ್ದೂ ಹಾಗೆಯೇ. ಒಂಬತ್ತು, ಹತ್ತನೇ ತರಗತಿಯ ಮಕ್ಕಳನ್ನು ಅತಿಯಾಗಿ ಕಾಡುವುದು ಎರಡು ಭೂತಕಾಲಗಳು: ಪಾಸೆ ಕೊಂಪೋಜೆ ಮತ್ತು ಎಂಪಾರ್ಫೆ. ಇಂಗ್ಲಿಷಿನ ಒಂದೇ ‘ವೆಂಟ್’ ಎರಡಕ್ಕೂ ಬರುವುದರಿಂದ ಎಷ್ಟು ವಿವರಿಸಿದರೂ ಗೋಜಲು ಬಿಡಿಸಲಾಗುತ್ತಿರಲಿಲ್ಲ. ಅಕ್ಟೋಬರ್‌ನ ಒಂದು ಶನಿವಾರ ಮದಾಮ್ ಬೋರ್ಡಿನ ಮೇಲೆ ಕನ್ನಡದಲ್ಲಿ ಎರಡು ವಾಕ್ಯ ಬರೆದರು: ‘ಮಳೆ ಬರ್ತಿತ್ತು. ಕರೆಂಟ್ ಹೋಯ್ತು.’ ಅಷ್ಟೇ. ನಡೆಯುತ್ತಲೇ ಇದ್ದದ್ದು ಎಂಪಾರ್ಫೆ, ನಡೆದು ಮುಗಿದದ್ದು ಪಾಸೆ ಕೊಂಪೋಜೆ. ‘ಚಿಕ್ಕವಳಿದ್ದಾಗ ಅಜ್ಜಿ ಮನೆಗೆ ಹೋಗುತ್ತಿದ್ದೆ’ ಎಂಬ ರೂಢಿಯ ಮಾತಿಗೂ ನಾವು ಅದೇ ‘-ತ್ತಿದ್ದೆ’ ಬಳಸುತ್ತೇವೆ, ಫ್ರೆಂಚರೂ ಅಲ್ಲಿ ಎಂಪಾರ್ಫೆಯನ್ನೇ ಬಳಸುತ್ತಾರೆ. ಹದಿನೈದು ವರ್ಷ ಫ್ರೆಂಚ್ ಓದಿದವಳಿಗೆ ಇದು ಹೊಳೆದಿರಲಿಲ್ಲ. ‘ನಾನು ಮನೆಯಲ್ಲಿದ್ದೆ’ ಎಂಬಲ್ಲಿ ಮಾತ್ರ ಈ ಸೇತುವೆ ಮುರಿಯುತ್ತದೆ. ಕನ್ನಡದಲ್ಲಿ ಅಲ್ಲಿ ‘-ತ್ತಿ-’ ಇಲ್ಲ, ಫ್ರೆಂಚಿನಲ್ಲಿ ಎಂಪಾರ್ಫೆಯೇ ಬರಬೇಕು. ಅದನ್ನು ಮೊದಲೇ ಎಚ್ಚರಿಸಿಬಿಡಬೇಕು.

ಹಾಗೆಯೇ ‘ತ್ಯು’ ಮತ್ತು ‘ವು’. ಇಂಗ್ಲಿಷಿನ ‘ಯು’ ಹಿಡಿದು ಅರ್ಧ ಗಂಟೆ ವಿವರಿಸುವುದನ್ನು ‘ನೀನು, ನೀವು’ ಎಂಬ ಎರಡು ಪದ ಮುಗಿಸುತ್ತವೆ. ನನ್ನ ತರಗತಿಗಳಲ್ಲಿ ತೆಲುಗು, ತಮಿಳು, ಹಿಂದಿ ಮನೆಮಾತಿನ ಮಕ್ಕಳೂ ಇದ್ದಾರೆ, ಅವರಿಗೂ ಮನೆಯಲ್ಲಿ ಈ ಭೇದ ಇದ್ದೇ ಇದೆ. ಲಿಂಗದ ವಿಷಯದಲ್ಲಿ ಹಿಂದಿಯವರು ನಮಗಿಂತ ಮುಂದಿದ್ದಾರೆ. ಮೇಜು ಹೆಣ್ಣೆಂದರೆ ಅವರಿಗೆ ಅಚ್ಚರಿಯಿಲ್ಲ, ನಪುಂಸಕಲಿಂಗದ ನೆಮ್ಮದಿಯಲ್ಲಿ ಬೆಳೆದ ಕನ್ನಡದ ಮಕ್ಕಳಿಗೆ ಅದು ಅನ್ಯಾಯವೆನ್ನಿಸುತ್ತದೆ.

ಈ ಆರು ತಿಂಗಳ ಕೋರ್ಸಿಗೆ ಖರ್ಚು 45,000. ಪ್ರಮಾಣಪತ್ರಕ್ಕೆ ಶಾಲೆಗಳು ಕೊಡುವ ಬೆಲೆ ಕಡಿಮೆ, ಕೆಲವರು ಅದನ್ನು ತೆರೆದೂ ನೋಡಲಿಲ್ಲ. ಆದರೂ ಮೂರರಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ನಾನು ಉಳಿಸಿಕೊಳ್ಳುವುದು ಅದನ್ನೇ.

ಎಲ್ಲ ಮುಗಿಯಿತು ಎನ್ನುವಾಗ ಇನ್ನೊಂದು ಎದುರಾಯಿತು. ನಾನು ಆಸೆಪಟ್ಟಿದ್ದ ಶಾಲೆಯವರು ಆರನೇ ತರಗತಿಯಿಂದಲೇ ಫ್ರೆಂಚ್ ಇರುವುದರಿಂದ ಸಿಟಿಇಟಿ ಬೇಕು ಎಂದರು. ಎಂಟನೇ ತರಗತಿಯವರೆಗೆ ಕಲಿಸುವವರಿಗೆ ಇರುವ ಅರ್ಹತಾ ಪರೀಕ್ಷೆ ಅದು. ಅದರ ಭಾಷೆಗಳ ಪಟ್ಟಿಯಲ್ಲಿ ಫ್ರೆಂಚೇ ಇಲ್ಲ. ಹಾಗಾಗಿ ಫ್ರೆಂಚ್ ಶಿಕ್ಷಕಿಯಾಗಲು ನಾನು ಕನ್ನಡ, ಇಂಗ್ಲಿಷ್, ಮಕ್ಕಳ ಮನೋವಿಜ್ಞಾನ ಮತ್ತು ಸಮಾಜ ವಿಜ್ಞಾನದಲ್ಲಿ ಪರೀಕ್ಷೆ ಬರೆದೆ. ಒಟ್ಟು 150 ಅಂಕ, ಸಾಮಾನ್ಯ ವರ್ಗಕ್ಕೆ 90 ಬೇಕು, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಬರೆದು 104 ತೆಗೆದೆ. ಬಿ.ಎಡ್. ಓದುತ್ತಿರುವಾಗಲೇ ಬರೆಯಬಹುದು, ಪ್ರಮಾಣಪತ್ರಕ್ಕೆ ಈಗ ಜೀವನಪರ್ಯಂತ ಮಾನ್ಯತೆ ಇದೆ. ಎರಡನೆಯ ವರ್ಷದಲ್ಲೇ ಮುಗಿಸಿಕೊಳ್ಳಿ. ಒಂಬತ್ತು, ಹತ್ತಕ್ಕೆ ಮಾತ್ರ ಕಲಿಸುವುದಾದರೆ ಇದರ ಗೊಡವೆಯಿಲ್ಲ, ಆದರೆ ಹಾಗೆ ಎರಡೇ ತರಗತಿಗೆ ಯಾರನ್ನೂ ಇಟ್ಟುಕೊಳ್ಳುವುದಿಲ್ಲ.

ಸಂದರ್ಶನದಲ್ಲಿ ಫ್ರೆಂಚಿಗಿಂತ ಹೆಚ್ಚು ಮಾತು ನಡೆದದ್ದು ಪೀರಿಯಡ್‌ಗಳ ಲೆಕ್ಕದ ಬಗ್ಗೆ. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದಂತೆ ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಮೊದಲ ಅಥವಾ ಎರಡನೆಯ ಭಾಷೆಯಾಗಿ ಕಲಿಸಬೇಕು, ಸಿಬಿಎಸ್‌ಇ ಶಾಲೆಗಳೂ ಅದರಡಿ ಬರುತ್ತವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರು ಭಾಷೆಗಳಲ್ಲಿ ಎರಡಾದರೂ ಭಾರತೀಯವಾಗಿರಬೇಕು ಎನ್ನುತ್ತದೆ, ಜೊತೆಗೆ ಪ್ರೌಢಶಾಲಾ ಹಂತದಲ್ಲಿ ಕಲಿಸಬಹುದಾದ ವಿದೇಶಿ ಭಾಷೆಗಳ ಹೆಸರುಗಳಲ್ಲಿ ಫ್ರೆಂಚನ್ನೂ ಹೇಳುತ್ತದೆ. ಇದರ ನಡುವೆ ಫ್ರೆಂಚಿಗೆ ಸಿಗುವ ಪೀರಿಯಡ್‌ಗಳು ಒಬ್ಬ ಪೂರ್ಣಾವಧಿ ಶಿಕ್ಷಕಿಗೆ ಸಾಲುವುದಿಲ್ಲ. “ಉಳಿದ ಪೀರಿಯಡ್‌ಗಳಿಗೆ ನಿಮ್ಮನ್ನು ಏನು ಮಾಡೋಣ?” ಎಂದು ಕೇಳಿದಾಗ ನನ್ನ ಬಿ.ಎಡ್.ನ ಇಂಗ್ಲಿಷ್ ಮೆಥಡ್ ಮೇಜಿನ ಮೇಲೆ ಬಂತು. ನನ್ನ ಜೊತೆ ಸಂದರ್ಶನಕ್ಕೆ ಬಂದಿದ್ದ, ನನಗಿಂತ ಒಳ್ಳೆಯ ಫ್ರೆಂಚ್ ಇದ್ದ ಹುಡುಗಿಗೆ ಬಿ.ಎಡ್. ಇರಲಿಲ್ಲ, ಅವರಿಗೆ ಅರೆಕಾಲಿಕ ಕೆಲಸ ಮಾತ್ರ ಸಿಕ್ಕಿತು. ಅದು ಸರಿಯೆಂದು ನನಗೆ ಅನ್ನಿಸುವುದಿಲ್ಲ, ಆದರೆ ನಡೆಯುವುದು ಹಾಗೆಯೇ.

ದಾಖಲೆ ಪರಿಶೀಲನೆಯ ದಿನ ನಿರೀಕ್ಷಿಸಿದ್ದೇ ಆಯಿತು. ಡೆಲ್ಫ್ ಡಿಪ್ಲೊಮಾದಲ್ಲಿ ಮನೆ ಹೆಸರಿನ ಜಾಗದಲ್ಲಿ ಎರಡು ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಹೆಸರು. ಎರಡೂ ಒಬ್ಬಳೇ ಎಂದು ಮತ್ತೆ ನೋಟರಿ ಪ್ರಮಾಣಪತ್ರ, ಮತ್ತೆ 300 ರೂಪಾಯಿ. ಬಿ.ಎಡ್. ಘಟಿಕೋತ್ಸವದ ಪ್ರಮಾಣಪತ್ರ ಇನ್ನೂ ಬಂದಿಲ್ಲ, ತಾತ್ಕಾಲಿಕ ಪ್ರಮಾಣಪತ್ರದ ಮೇಲೆ ಆರು ತಿಂಗಳ ಗಡುವು ಕೊಟ್ಟಿದ್ದಾರೆ. ಈಗ ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಎಲ್ಲದರ ಮೂಲ, ಇನ್ನೊಂದರಲ್ಲಿ ನಾಲ್ಕು ನಾಲ್ಕು ಝೆರಾಕ್ಸ್, ಫೋನಿನಲ್ಲಿ ಸ್ಕ್ಯಾನ್ ಇಟ್ಟುಕೊಂಡಿದ್ದೇನೆ.

ವಾರಕ್ಕೆ 28 ಪೀರಿಯಡ್: 18 ಫ್ರೆಂಚ್, 10 ಇಂಗ್ಲಿಷ್. ಹತ್ತನೇ ತರಗತಿಯ 80 ಅಂಕದ ಲಿಖಿತ ಪರೀಕ್ಷೆಯಲ್ಲಿ ಕೇಳುವುದಕ್ಕಾಗಲೀ ಮಾತನಾಡುವುದಕ್ಕಾಗಲೀ ಜಾಗವಿಲ್ಲದ್ದರಿಂದ, ಧ್ವನಿಯ ಪಾಠಕ್ಕೆ ಸಮಯ ಕದಿಯಬೇಕಾಗಿದೆ. ಸದ್ಯ ಶುಕ್ರವಾರದ ಕೊನೆಯ ಪೀರಿಯಡ್‌ನ ಹದಿನೈದು ನಿಮಿಷ ಅದಕ್ಕೆ ಮೀಸಲು. ಸ್ಟಾಫ್ ರೂಮಿನಲ್ಲಿ ನನಗೂ ಕನ್ನಡ ಮೇಷ್ಟ್ರಿಗೂ ಒಂದೇ ಬೀರು. ಹೋದ ವಾರ ಅವರ ಕ್ರಿಯಾಪದಗಳ ಚಾರ್ಟ್ ಕೇಳಿದೆ. “ಫ್ರೆಂಚ್ ಕ್ಲಾಸಿಗೆ ಇದ್ಯಾಕೆ ಮೇಡಂ?” ಎಂದು ಕನ್ನಡಕ ಮೇಲೇರಿಸಿ ನೋಡಿದರು. ಮಳೆ, ಕರೆಂಟಿನ ವಾಕ್ಯಗಳನ್ನು ಹೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, ಚಾರ್ಟನ್ನು ಸುರುಳಿ ಸುತ್ತಿ ಕೈಗೆ ಕೊಟ್ಟು, ಸೋಮವಾರದೊಳಗೆ ವಾಪಸ್ ಬೇಕು, ಎಂಟನೇ ಬಿ ವಿಭಾಗಕ್ಕೆ ಭೂತಕಾಲ ತೆಗೆದುಕೊಳ್ಳುತ್ತಿದ್ದೇನೆ ಎಂದರು.